ಬಾಗಿಲಲ್ಲಿ ರಾಲಿತ್ಸಾ ಅಂದದ್ದು

ಗಡಿಯಾಚೆಯ ಕೆಲಸಕ್ಕೆ ಹೋದ ಮೊದಲ ದಿನ ರಾಲಿತ್ಸಾ ಉಪವಾಸವಿದ್ದಳು. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತಿದ್ದ ಸ್ಮಾರೋ ಎಂಬ ಗ್ರೀಕ್ ಹೆಂಗಸು ಬಾಯಿಯ ಹತ್ತಿರ ಕೈ ತಂದು "ತಿಂದ್ಯಾ?" ಎಂದು ಕೇಳಿದಳು. ರಾಲಿತ್ಸಾ ತನ್ನ ಭಾಷೆಯಲ್ಲಿ "ನೇ" ಅಂದಳು. ಬಲ್ಗೇರಿಯನ್ನರಿಗೆ ನೇ ಅಂದರೆ ಇಲ್ಲ, ಬೇಡ, ಅಲ್ಲ. ಗುಡ್ಡ ಇಳಿದು ಈಚೆ ಬಂದರೆ ಗ್ರೀಕರ ಬಾಯಲ್ಲಿ ಅದೇ ನೇ ಅಂದರೆ ಹೌದು. ತಿಂದಾಯಿತಂತೆ ಎಂದುಕೊಂಡ ಸ್ಮಾರೋ ಒಬ್ಬಳೇ ತನ್ನ ಸೊಪ್ಪಿನ ಪದರರೊಟ್ಟಿ ಮುರಿದು ತಿನ್ನತೊಡಗಿದಳು. ಆಮೇಲೆ ಮನಸ್ಸು ತಡೆಯದೆ ಒಂದು ತುಂಡು ಚಾಚಿ "ಬೇಕಾ?" ಅಂದಳು. ರಾಲಿತ್ಸಾ ಖುಷಿಯಿಂದ ತಲೆಯನ್ನು ಆಚೀಚೆ ಆಡಿಸಿದಳು. ಅವಳ ಊರು ಪೆತ್ರಿಚ್‌ನಲ್ಲಿ ಹಾಗೆ ಆಡಿಸಿದರೆ ಹೂಂ, ಕೊಡು ಎಂದರ್ಥ. ಸ್ಮಾರೋ ತುಂಡನ್ನು ಹಿಂದಕ್ಕೆ ತೆಗೆದುಕೊಂಡಳು.

"ಹೊಸ ಹುಡುಗಿಗೆ ಏನು ಕೊಬ್ಬು ಅಂತೀನಿ," ಎಂದು ಆಮೇಲೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು.

ಮಾರನೆಯ ದಿನ ಎರಡೂ ಭಾಷೆ ಬಲ್ಲ, ಬಲ್ಗೇರಿಯದವಳೇ ಆದ ಆ ಗೋದಾಮಿನ ಹಳೆಯ ಕೆಲಸಗಾರ್ತಿ ಪೆನ್ಕಾ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಿಷಯ ಬಿಡಿಸಿ ಹೇಳಿದಾಗ ಸ್ಮಾರೋ ಕ್ರೇಟಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ನಿನ್ನ! ಬಾಯೂ ತಿರುಗಾ ಮುರುಗಾ, ತಲೇನೂ ತಿರುಗಾ ಮುರುಗಾ. ನಿಮ್ಮೂರಲ್ಲಿ ಕಾಲಲ್ಲಿ ನಡೀತೀರೋ ಕೈಯಲ್ಲೋ?" ಅಂದು ಎರಡು ದಿನದ ಊಟವನ್ನು ಒಂದೇ ಸಲ ತಿನ್ನಿಸಿದಳು. ಅಂದಿನಿಂದ ರಾಲಿತ್ಸಾಳಿಗೆ ಆಕೆ ಕಿರಾ ಸ್ಮಾರೋ. ತಾಯಿ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆಯುವುದಕ್ಕಾಗದು, ಅದಕ್ಕೆ ಕಿರಾ.

ಅದು ಗ್ರೀಸಿನ ಸಿದಿರೋಕಾಸ್ತ್ರೋ ಊರಿನಾಚೆಯ ಒಂದು ಹಣ್ಣಿನ ಗೋದಾಮು. ಚಳಿಗಾಲದಲ್ಲಿ ಕಿವಿ ಹಣ್ಣು, ಬೇಸಿಗೆಯಲ್ಲಿ ಪೀಚ್. ಪೆತ್ರಿಚ್‌ನಿಂದ ಹೆಂಗಸರನ್ನು ತುಂಬಿಕೊಂಡು ವ್ಯಾನು ಬೆಳಿಗ್ಗೆ ಗಡಿ ದಾಟುತ್ತದೆ, ಸಂಜೆಗೆ ವಾಪಸು. ಮಗಳು ಬಿಲ್ಯಾನಾ ಹಾಲು ಬಿಡುವ ಮೊದಲೇ ಅವಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ರಾಲಿತ್ಸಾ ಆ ವ್ಯಾನು ಹತ್ತಿದ್ದಳು. ಮಗುವಿನ ಅಪ್ಪ ಜರ್ಮನಿಗೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಹಾಲು ಕಟ್ಟಿಕೊಂಡು ಎದೆ ನೋಯುವಾಗ ಅಳಬಾರದು, ಬಿಸಿನೀರಿನ ಬಟ್ಟೆ ಇಟ್ಟುಕೊಳ್ಳಬೇಕು ಎಂದು ತೋರಿಸಿಕೊಟ್ಟವಳು ಸ್ಮಾರೋ. ಗ್ರೀಕ್ ಕಲಿಸಿದವಳೂ ಅವಳೇ. ಮೊದಲು ಬೈಗುಳ, ಆಮೇಲೆ ತರಕಾರಿಗಳ ಹೆಸರು, ಕೊನೆಗೆ ಮಿಕ್ಕದ್ದು.

ಬಿಲ್ಯಾನಾ ಮಾತು ಕಲಿಯುವ ಹೊತ್ತಿಗೆ ಗೋದಾಮಿಗೆ ರೋಬೋಟುಗಳು ಬಂದವು. ಮನುಷ್ಯನ ಆಕಾರವೇನಿಲ್ಲ. ಸೊಂಟದೆತ್ತರದ ಗಾಡಿ, ಮೇಲೆ ಕ್ರೇಟುಗಳ ಗೋಪುರ, ಮುಂದೆ ಒಂದು ಕಣ್ಣು, ಮಾತಾಡುವುದಕ್ಕೆ ಒಂದು ಜಾಲರಿ. ಶೀತಲ ಕೋಣೆಯ ಒಳಕ್ಕೂ ಹೊರಕ್ಕೂ ತಾವೇ ಓಡಾಡುತ್ತಿದ್ದವು. ತೊಂದರೆ ಇದ್ದದ್ದು ಬಾಗಿಲಲ್ಲಿ. ಒಳಗಿನ ಕೊರೆಯುವ ಚಳಿಯಿಂದ ಹೊರಗೆ ಬರುವಾಗ ಕಣ್ಣಿನ ಮೇಲೆ ಮಂಜು ಕೂತು ಗಾಡಿಗೆ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ಬಾಗಿಲಲ್ಲಿ ನಿಂತು, ಹತ್ತಿರ ಇರುವ ಮನುಷ್ಯರನ್ನು ಕೇಳಿ, ಉತ್ತರ ಬಂದ ಮೇಲೆಯೇ ಹೊರಡಬೇಕೆಂದು ಅದಕ್ಕೆ ಕಲಿಸಿದ್ದರು.

"ನಾನು ಮುಂದೆ ಸಾಗಬಹುದೇ?" ಎಂದು ಕೇಳುತ್ತಿತ್ತು, ಟೀವಿಯಲ್ಲಿ ವಾರ್ತೆ ಓದುವವರ ದನಿಯಲ್ಲಿ.

ಹೆಂಗಸರು ಅದಕ್ಕೆ ಬಾರ್ಬಾ ಎಂದು ಹೆಸರಿಟ್ಟರು, ದೊಡ್ಡಪ್ಪ ಅನ್ನುವ ಹಾಗೆ. ಇದ್ದದ್ದು ಹಲವು ಗಾಡಿಗಳಾದರೂ ಎಲ್ಲವೂ ಬಾರ್ಬಾನೇ.

ಬಾರ್ಬಾಗೂ ಸ್ಮಾರೋಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಆ ಕಡೆಯ ಹಳ್ಳಿಯವರು ಅಕ್ಷರ ನುಂಗಿ ಮಾತಾಡುತ್ತಾರೆ, ಹೌದು ಅನ್ನುವುದಕ್ಕೆ ಬರೀ ನೇ ಅನ್ನದೆ "ನೇಸ್ಕೆ" ಎಂದು ಬಾಲ ಸೇರಿಸುತ್ತಾರೆ, ಇಲ್ಲ ಅನ್ನುವುದಕ್ಕೆ "ಓಹಿ" ಎಂಬ ಮಾತು ಇದ್ದರೂ ಹುಬ್ಬೆತ್ತಿ ನಾಲಿಗೆಯಲ್ಲಿ ತ್ಚ್ ಎಂದು ಸದ್ದು ಮಾಡಿ ಮುಗಿಸುತ್ತಾರೆ.

"ನಾನು ಮುಂದೆ ಸಾಗಬಹುದೇ?"

"ನೇಸ್ಕೆ ಕಣಪ್ಪಾ, ಹೋಗು ಸಾಗು."

"ಸ್ಪಷ್ಟವಾಗಿ ಕೇಳಿಸಲಿಲ್ಲ. ದಯವಿಟ್ಟು ಪುನಃ ಹೇಳಿ."

"ನೇಸ್ಕೆ ಅಂದ್ನಲ್ಲ! ಕಿವೀಲೇನು ಹತ್ತಿ ಇಟ್ಕೊಂಡಿದ್ಯಾ? ಹೋಗು ಅಂದ್ರೆ ಹೋಗು, ನಿಮ್ಮಪ್ಪನ ಮದುವೆಗೆ ಕರೆಯೋಕೆ ಬಂದಿಲ್ಲ ನಾನು."

"ಸ್ಪಷ್ಟವಾಗಿ ಕೇಳಿಸಲಿಲ್ಲ."

ಹಿಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಹಿಂದಿನಿಂದ ಪೆನ್ಕಾ ಕೂಗುತ್ತಿದ್ದಳು: "ಅದಕ್ಕೆ ಮುತ್ತು ಕೊಡೇ ಸ್ಮಾರೋ, ಗಂಡಸಲ್ವಾ, ಕರಗುತ್ತೆ!"

ರಾಲಿತ್ಸಾಳ ಗ್ರೀಕ್ ಹಾಗಿರಲಿಲ್ಲ. ಕಲಿತ ಭಾಷೆ. ಅವಳು ಒಂದೊಂದು ಮಾತನ್ನೂ ತೊಳೆದಿಟ್ಟ ಲೋಟದ ಹಾಗೆ ಬೇರೆ ಬೇರೆ ಇಡುತ್ತಿದ್ದಳು. ಬಾರ್ಬಾಗೆ ಅದು ಒಂದೇ ಸಲಕ್ಕೆ ಹಿಡಿಸಿತು. ನೇ ಅಂದರೆ ಹೊರಡುತ್ತಿತ್ತು, ಓಹಿ ಅಂದರೆ ನಿಲ್ಲುತ್ತಿತ್ತು. ಮೇಸ್ತ್ರಿ ಲಾಜರೋಸ್ ಎರಡು ದಿನ ಸುಮ್ಮನೆ ನಿಂತು ನೋಡಿ, "ನಾಳೆಯಿಂದ ನೀನು ಬಾಗಿಲು ನೋಡ್ಕೋ," ಅಂದ. ಗ್ರೀಕರ ಗೋದಾಮಿನಲ್ಲಿ ಗ್ರೀಕ್ ಮಾತಾಡುವ ಕೆಲಸ ಬಲ್ಗೇರಿಯದ ಹುಡುಗಿಗೆ ಬಂತು ಎಂದು ಸ್ಮಾರೋ ಬಹಳ ದಿನ ಹಾಸ್ಯ ಮಾಡಿದಳು. "ನಾನು ಕಲ್ಸಿದ್ದು. ನನಗೆ ಕಲ್ಸಿದೋರು ಸರಿ ಇರ್ಲಿಲ್ಲ ನೋಡು."

ಇಡೀ ದಿನ ನೇ. ಗಾಡಿ ಬರುತ್ತದೆ, ಕೇಳುತ್ತದೆ, ಅವಳು ನೋಡುತ್ತಾಳೆ, ನೇ ಅನ್ನುತ್ತಾಳೆ. ಮೊದಮೊದಲು ಪ್ರತಿ ಸಲವೂ ಬಾಯಿ ತಡವರಿಸುತ್ತಿತ್ತು. ಒಳಗಿನಿಂದ ಯಾರೋ ಬೇಡ ಬೇಡ ಅನ್ನುತ್ತಿರುವಾಗ ಹೊರಗೆ ಹೋಗು ಎಂದು ಹೇಳಿದ ಹಾಗೆ. ಆಮೇಲೆ ಅದು ನಿಂತಿತು. ಸಂಜೆ ಮನೆಗೆ ಬಂದು ಬಿಲ್ಯಾನಾ "ಅಮ್ಮಾ, ಇನ್ನೊಂದು ಚಾಕೊಲೇಟ್?" ಅಂದರೆ ನೇ ಅನ್ನುತ್ತಿದ್ದಳು, ಅದು ಬೇಡ ಎಂದೇ ಆಗುತ್ತಿತ್ತು. ಗಡಿಯಲ್ಲಿ ವ್ಯಾನು ನಿಧಾನವಾಗುವಾಗ ಬಾಯಿಯೊಳಗೆ ಆ ಮಾತು ತಾನಾಗಿ ಮಗ್ಗುಲು ಬದಲಿಸಿಕೊಳ್ಳುತ್ತಿತ್ತು. ಅವಳು ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದಳು.

ಅದು ಆದದ್ದು ಒಂದು ಶುಕ್ರವಾರ, ಊಟಕ್ಕೆ ಮುಂಚೆ. ಗಾಡಿಯೊಂದು ಬಾಗಿಲಲ್ಲಿ ಬಂದು ನಿಂತಿತು. ಮೇಲಿನ ಕ್ರೇಟು ಒಂದು ಬದಿಗೆ ವಾಲಿತ್ತು. ಒಳಗಿನಿಂದ ಬಂದ ಸ್ಮಾರೋ ಅದನ್ನು ನೆಟ್ಟಗೆ ಮಾಡಲು ಗಾಡಿಗೂ ಬಾಗಿಲ ಕಬ್ಬಿಣದ ಚೌಕಟ್ಟಿಗೂ ನಡುವೆ ಬಲಗೈ ತೂರಿಸಿದಳು. ರಾಲಿತ್ಸಾ ಆಚೆ ಮುಖ ಮಾಡಿ ಕೈಗವಸು ಎಳೆದುಕೊಳ್ಳುತ್ತಿದ್ದಳು. ಗಾಡಿ ಕೇಳಿತು. ಅವಳು ತಿರುಗಿದಳು. ಕೈ ಕಂಡಿತು. "ನೇ!" ಅಂದಳು.

ಗಾಡಿ ಹೊರಟಿತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯದು ಇದೆ, ಮಡಚುವುದಿಲ್ಲ.

ಆ ದಿನ ಮನೆಗೆ ಬಂದ ರಾಲಿತ್ಸಾ ಮಗುವಿಗೆ ಊಟ ಹಾಕಿದಳು, ಸ್ನಾನ ಮಾಡಿಸಿದಳು, ಮಾರನೆಯ ದಿನದ ಕಾಲುಚೀಲ ಹುಡುಕಿ ಒಲೆಯ ಪಕ್ಕ ಇಟ್ಟಳು. ತಾಯಿ "ಏನಾಯ್ತೇ?" ಅಂದಾಗ "ಕಿರಾ ಸ್ಮಾರೋ ಕೈಗೆ ಏಟಾಯ್ತು" ಅಂದಳು. ಅಷ್ಟೇ. ಅಳು ಬರಲಿಲ್ಲ. ಬರುತ್ತದೆ ಎಂದು ಕಾದಳು. ಒಂದು ವಾರವಾದರೂ ಬರಲಿಲ್ಲ. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯದೆ ತಿನ್ನುತ್ತಿದ್ದಳು. ಪಾತ್ರೆ ತೊಳೆಯುವ ನೀರು ತಣ್ಣಗಿದೆ ಎಂದು ತಾಯಿ ಬೈದು ಹೇಳಿದಾಗಲೇ ಗೊತ್ತಾಗುತ್ತಿತ್ತು. ಬಾಣಂತನದಲ್ಲಿ ಒಂದು ಸಲ ಹೀಗಾಗಿತ್ತು. ಆಗ ಮಗು ಅಳುವುದು ಪಕ್ಕದ ಮನೆಯಲ್ಲಿ ಯಾರೋ ಅತ್ತ ಹಾಗೆ ಕೇಳಿಸುತ್ತಿತ್ತು. ಈಗ ಎಲ್ಲವೂ ಪಕ್ಕದ ಮನೆಯದೇ.

ಮುಂದಿನ ಶುಕ್ರವಾರ ಲಾಜರೋಸ್ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಒರಟು ಮನುಷ್ಯನಲ್ಲ. ಕುರ್ಚಿ ತೋರಿಸಿದ, ಕಾಫಿ ಬೇಕಾ ಎಂದು ಕೇಳಿದ, ಅವಳು ತಲೆ ಆಡಿಸಿದ್ದನ್ನು ನೋಡಿ ಯಾವ ಕಡೆಯ ಅರ್ಥವೋ ತಿಳಿಯದೆ ಸುಮ್ಮನಾದ.

"ಬಾರ್ಬಾ ಬಾಗಿಲಲ್ಲಿ ಕೇಳಿಸ್ಕೊಂಡಿದ್ದನ್ನೆಲ್ಲ ಇಟ್ಕೊಂಡಿರುತ್ತೆ," ಅಂದ. "ನಾನು ಕೇಳ್ದೆ. ನೀನೂ ಒಂದ್ಸಲ ಕೇಳು."

ಮೊದಲು ಗಾಡಿಯ ದನಿ. ನಾನು ಮುಂದೆ ಸಾಗಬಹುದೇ. ಆಮೇಲೆ ಅವಳ ದನಿ, ನೇ. ಜೋರಾಗಿಯೇ ಇತ್ತು. ಗೋದಾಮಿನಲ್ಲಿ ಅವಳು ಯಾವಾಗಲೂ ಜೋರಾಗಿಯೇ ಅನ್ನುತ್ತಿದ್ದಳು, ಯಂತ್ರಗಳ ಗದ್ದಲದಲ್ಲಿ ಕೇಳಿಸಬೇಕಲ್ಲ. ಅಲ್ಲಿಗೆ ಅವನು ನಿಲ್ಲಿಸಿದ. ಅದರ ಮುಂದಿನ ಸದ್ದನ್ನು ಅವಳಿಗೆ ಕೇಳಿಸಲಿಲ್ಲ.

"ಇದು ನಮ್ಮ ನೇನಾ, ನಿಮ್ಮ ನೇನಾ?"

ರಾಲಿತ್ಸಾ ಬಾಯಿ ತೆರೆದಳು. ಉತ್ತರ ಅಲ್ಲೇ ಇರುತ್ತದೆ ಎಂದುಕೊಂಡಿದ್ದಳು. ಇರಲಿಲ್ಲ. ಗಾಡಿ ಕೇಳಿದ್ದು ನೆನಪಿದೆ, ಕೈ ಕಂಡದ್ದು ನೆನಪಿದೆ, ಅಂದದ್ದು ನೆನಪಿದೆ. ಕಂಡು ಬೆದರಿ ಬೇಡ ಎಂದು ಕೂಗಿದಳೋ, ದಿನವೂ ಅನ್ನುವ ಹಾಗೆ ಹೋಗು ಅಂದದ್ದು ಬಾಯಿಂದ ಬಿದ್ದ ಮೇಲೆ ಕೈ ಕಂಡಿತೋ? ಎಲ್ಲಾ ಒಂದೇ ಉಸಿರಿನಲ್ಲಿ ಆಗಿಹೋಗಿತ್ತು. ಆ ಉಸಿರನ್ನು ಬಿಡಿಸಿ ನೋಡಲು ಅವಳಿಗೆ ಆಗಲಿಲ್ಲ.

"ಗೊತ್ತಿಲ್ಲ," ಅಂದಳು.

"ಗೊತ್ತಿಲ್ಲ ಅಂದ್ರೆ ಏನಮ್ಮಾ? ನಿನ್ನ ಬಾಯಿ. ನಿಮ್ಮ ನೇ ಅಂದ್ರೆ ಮುಗೀತು. ಹೆದರಿ ನಿನ್ನ ಭಾಷೇಲಿ ಕೂಗಿದೆ, ಗಾಡಿ ತಪ್ಪು ತಿಳ್ಕೊಳ್ತು. ನಿನ್ನ ತಪ್ಪಲ್ಲ. ನಮ್ಮ ನೇ ಅಂದ್ರೆ ನಿನ್ನನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ." ಆಮೇಲೆ, "ಸೋಮವಾರ ಹೇಳು. ಯೋಚನೆ ಮಾಡಿ ಹೇಳು. ಏನು ಹೇಳಿದ್ರೆ ಒಳ್ಳೇದು ಅಂತ ನಾನು ಹೇಳಿ ಆಯ್ತು," ಎಂದು ಕಿಟಕಿಯ ಕಡೆ ನೋಡಿದ.

"ಕಿರಾ ಸ್ಮಾರೋ ಏನಂತಾರೆ?"

"ಆಕೆ ಫೋನೇ ತೆಗೀತಿಲ್ಲ."

ರಾಲಿತ್ಸಾಳ ಫೋನನ್ನೂ ತೆಗೆದಿರಲಿಲ್ಲ. ಅದೊಂದೇ, ಎಷ್ಟು ಒತ್ತಿದರೂ ನೋಯದ ಮೈಯಲ್ಲಿ ಇನ್ನೂ ನೋಯುವ ಜಾಗ. ಕೆಲಸ ಹೋದರೆ ಬೇರೆ ಗೋದಾಮು ಇದೆ. ಆದರೆ ಕಿರಾ ಸ್ಮಾರೋ ತನ್ನ ಮನೆಯಲ್ಲಿ ಕೂತು, ಈ ಹುಡುಗಿ ನನ್ನ ಕೈ ನೋಡಿಯೂ ಹೋಗು ಅಂದಳು ಎಂದುಕೊಳ್ಳುತ್ತಿದ್ದರೆ?

ವಾಪಸು ಬರುವಾಗ ವ್ಯಾನಿನಲ್ಲಿ ಪೆನ್ಕಾ ಪಕ್ಕಕ್ಕೆ ಬಂದು ಕೂತಳು. ಸೂರ್ಯಕಾಂತಿ ಬೀಜದ ಪೊಟ್ಟಣ ಮುಂದೆ ಹಿಡಿದಳು.

"ಏನಂದ ಅವ್ನು?"

ರಾಲಿತ್ಸಾ ಹೇಳಿದಳು.

"ನೋಡು ಮಗಳೇ, ಒಂದ್ಮಾತು. ನಮ್ಮ ಭಾಷೇಲಿ ಕೂಗಿದೆ ಅಂತ ನೀನು ಹೇಳಿದ್ರೆ ಆಮೇಲೆ ನಮ್ಮವರು ಒಬ್ರನ್ನೂ ಬಾಗಿಲ ಹತ್ರ ನಿಲ್ಲಿಸಲ್ಲ. ಹೆದರಿದ್ರೆ ಇವರ ಬಾಯಲ್ಲಿ ಬೇರೆ ಭಾಷೆ ಬರುತ್ತೆ ಅಂತಾರೆ. ಇವತ್ತು ಬಾಗಿಲು, ನಾಳೆ ಗೋದಾಮು."

"ಹಾಗಾದ್ರೆ ಹೋಗು ಅಂದೆ ಅಂತ ಹೇಳ್ಲಾ?"

ಪೆನ್ಕಾ ಬೀಜದ ಸಿಪ್ಪೆ ಉಗಿದಳು. "ಅದನ್ನ ನಾನು ಹೇಗೆ ಹೇಳ್ಲಿ? ನಿನಗೂ ಮಗು ಇದೆ."

ಹಿಂದಿನ ಸೀಟಿನಿಂದ ಯಾರೋ, "ಅಂದಿದ್ದೇನೋ ಅದನ್ನ ಹೇಳಿದ್ರಾಯ್ತಪ್ಪ!" ಅಂದರು.

"ನೀನು ಮುಚ್ಕೊಂಡು ಕೂತ್ಕೋ," ಅಂದಳು ಪೆನ್ಕಾ. "ಅಂದಿದ್ದು ಹೇಳಿದ್ರಾಯ್ತಂತೆ. ಅಂದಿದ್ದು ಒಂದೇ ತಾನೇ. ಅದೇ ಕಷ್ಟ."

ಭಾನುವಾರ ರಾಲಿತ್ಸಾ ಕೆಂಪು ಮೆಣಸಿನ ಗೊಜ್ಜಿನ ಒಂದು ಸೀಸೆ ಚೀಲಕ್ಕೆ ಹಾಕಿ, ಬಿಲ್ಯಾನಾಳಿಗೆ ಎರಡೆರಡು ಸ್ವೆಟರು ತೊಡಿಸಿ ಬಸ್ಸು ಹತ್ತಿದಳು. ಮಗುವನ್ನು ಬಿಟ್ಟು ಹೋಗಬಹುದಿತ್ತು. ಮಗು ಜೊತೆಗಿದ್ದರೆ ಕಿರಾ ಸ್ಮಾರೋ ಬಾಗಿಲು ಹಾಕಲಾರಳು ಎಂಬ ಲೆಕ್ಕ ಎಲ್ಲೋ ಒಳಗಿತ್ತು.

ಸ್ಮಾರೋ ಬಾಗಿಲು ತೆಗೆದು ಮೊದಲು ಮಗುವನ್ನು ನೋಡಿದಳು. "ಈ ಚಳೀಲಿ ಯಾಕೆ ಎಳ್ಕೊಂಡು ಬಂದೆ ಇವಳನ್ನ? ಒಳಗೆ ಬನ್ನಿ, ಬಿಸಿ ಎಲ್ಲಾ ಹೊರಗೆ ಹೋಗುತ್ತೆ." ಅದು ಕ್ಷಮೆಯೋ ಚಳಿಯೋ ತಿಳಿಯಲಿಲ್ಲ. ಕೂದಲು ಎಣ್ಣೆಗಟ್ಟಿ ತಲೆಗೆ ಅಂಟಿತ್ತು. ಸ್ವೆಟರಿನ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು. ಬಲಗೈ ಬಿಳಿಯ ಗಂಟಾಗಿ ಎದೆಯ ಮೇಲಿತ್ತು.

ಬಿಲ್ಯಾನಾ ಹೊಸ್ತಿಲಲ್ಲೇ ನಿಂತು ಆ ಕೈಯನ್ನು ನೋಡಿ ತನ್ನ ಭಾಷೆಯಲ್ಲಿ ಕೇಳಿದಳು: "ಅಜ್ಜಿ, ಬೆರಳು ಎಲ್ಲಿಟ್ರು?"

"ಏನಂತಾಳೆ?"

"ನೋವಾಗ್ತಿದ್ಯಾ ಅಂತ ಕೇಳ್ತಿದ್ದಾಳೆ," ಅಂದಳು ರಾಲಿತ್ಸಾ.

ಸ್ಮಾರೋ ಅವಳ ಮುಖ ನೋಡಿದಳು. ನಂಬಲಿಲ್ಲ, ಆದರೂ ಮಗುವಿಗೆ ಉತ್ತರ ಕೊಟ್ಟಳು: "ಇಲ್ದೇ ಇರೋ ಬೆರಳೇ ಜಾಸ್ತಿ ನೋಯುತ್ತೆ ಪುಟ್ಟಿ. ಅದಕ್ಕೆ ಮದ್ದು ಹಚ್ಚೋದು ಎಲ್ಲಿಗೆ?" ಆಮೇಲೆ ಸಕ್ಕರೆ ಪುಡಿಯ ಮಿಠಾಯಿ ತಟ್ಟೆ ಮುಂದೆ ಹಿಡಿದಳು. ಬಿಲ್ಯಾನಾ ತಲೆಯನ್ನು ಆಚೀಚೆ ಆಡಿಸಿದಳು. "ಹೂಂ, ಗೊತ್ತು ಗೊತ್ತು, ಬೇಕು ಅಂತ," ಎಂದು ಸ್ಮಾರೋ ಎರಡು ತುಂಡು ಕೊಟ್ಟಳು. ಮಗು ಮೇಜಿನ ಕೆಳಗೆ ಮಲಗಿದ್ದ ಬೆಕ್ಕನ್ನು ಹಿಡಿದುಕೊಂಡು ಒಳಕೋಣೆಗೆ ಹೋಯಿತು.

ಇಬ್ಬರೇ ಉಳಿದರು. ಸ್ಮಾರೋ ಕಾಫಿಗೆ ಇಟ್ಟಳು. ರಾಲಿತ್ಸಾ ಎದ್ದರೆ "ಕೂತ್ಕೋ, ನನಗಿನ್ನೂ ಒಂದು ಕೈ ಇದೆ" ಅಂದಳು. ಗ್ಯಾಸಿನ ಮೇಲಿನ ಸಣ್ಣ ಪಾತ್ರೆಯಲ್ಲಿ ನೊರೆ ಏಳುತ್ತಿತ್ತು. ಎಡಗೈಯಲ್ಲಿ ಅದರ ಹಿಡಿಕೆ ಹಿಡಿಯಲು ಹೋದಳು, ಪಾತ್ರೆ ತಿರುಗಿತು, ಅದನ್ನು ತಡೆಯಲು ಅಭ್ಯಾಸದಿಂದ ಬಲಗೈ ಮುಂದೆ ಬಂತು. ಬ್ಯಾಂಡೇಜಿನ ಬಿಚ್ಚಿಕೊಂಡಿದ್ದ ತುದಿ ಉರಿಯ ಮೇಲೆ ತೂಗಿತು.

"ಓಹಿ!" ಎಂದು ಕೂಗಿ ರಾಲಿತ್ಸಾ ಆ ಕೈಯನ್ನು ಹಿಡಿದೆಳೆದಳು.

ಕಾಫಿ ಉಕ್ಕಿ ಒಲೆಯ ತುಂಬ ಹರಡಿತು. ಸ್ಮಾರೋ ಗ್ಯಾಸು ಆರಿಸಿದಳು. ಸುಟ್ಟ ಕಾಫಿಯ ವಾಸನೆ ಎದ್ದಿತು.

"ಓಹಿ ಅಂದೆ," ಎಂದಳು ಸ್ಮಾರೋ.

"ಅಂದೆ."

ನೇ ಅನ್ನಲಿಲ್ಲ. ಬೆದರಿದಾಗ ತನ್ನ ಭಾಷೆ ಬರುತ್ತದೆ ಎಂದು ಲಾಜರೋಸ್ ಹೇಳಿದ್ದನ್ನು ಈ ಎರಡು ದಿನ ಅವಳು ಹಿಡಿದುಕೊಂಡಿದ್ದಳು. ಹಾಗೇ ಇರಬೇಕು, ಅಮ್ಮನಿಂದ ಕಲಿತ ಬೇಡವೇ ಬಾಯಿಗೆ ಬಂದಿರಬೇಕು ಎಂದು. ಈಗ ಬೆದರಿದಳು, ಗ್ರೀಕ್ ಬಂತು. ಹಾಗಾದರೆ ಅವತ್ತು ಬೇಡ ಅನ್ನಬೇಕಿದ್ದರೆ ಓಹಿ ಅಂದಿರುತ್ತಿದ್ದಳಲ್ಲ. ಮುಂದಿನದನ್ನು ಯೋಚಿಸಬೇಕಾಗಿಯೇ ಇರಲಿಲ್ಲ. ಸ್ಮಾರೋ ಕೂಡ ಅದನ್ನೇ ಯೋಚಿಸುತ್ತಿರುವುದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ನೆಲದ ಮೇಲೆ ಕಾಫಿ ಹನಿಯುತ್ತಿತ್ತು. ರಾಲಿತ್ಸಾ ಬಟ್ಟೆ ಹುಡುಕಿ ಬಗ್ಗಿ ಒರೆಸತೊಡಗಿದಳು.

"ಕಿರಾ ಸ್ಮಾರೋ, ಅವತ್ತು ನಾನು ಏನಂದೆ ಅಂತ ನನಗೆ ಗೊತ್ತಿಲ್ಲ," ಎಂದಳು, ನೆಲ ನೋಡುತ್ತಲೇ. "ಬೇಡ ಅಂದೆ ಅಂತ ಹೇಳ್ಬೇಕು ಅಂತಲೇ ಬಂದೆ. ಆಗ್ತಿಲ್ಲ. ಹೋಗು ಅಂದಿರಬಹುದು."

ಕುರ್ಚಿ ಎಳೆದ ಸದ್ದಾಯಿತು.

"ನಾನು ನಿನ್ನೆ ಲಾಜರೋಸ್‌ಗೆ ಫೋನ್ ಮಾಡ್ದೆ," ಎಂದಳು ಸ್ಮಾರೋ. "ಆ ಹುಡುಗಿ ಅವಳ ಭಾಷೇಲಿ ಬೇಡ ಅಂತ ಕೂಗಿದ್ಲು, ನಾನು ಕಿವಿಯಾರೆ ಕೇಳ್ದೆ ಅಂದೆ."

ರಾಲಿತ್ಸಾ ತಲೆ ಎತ್ತಿದಳು. "ನಿಮಗೆ ಹಾಗೆ ಕೇಳಿಸ್ತಾ?"

ಸ್ಮಾರೋ ಹುಬ್ಬೆತ್ತಿ ತ್ಚ್ ಅಂದಳು. "ನನಗೆ ಕೇಳಿಸಿದ್ದು ನನ್ನ ಮೂಳೆ ಮುರಿದಿದ್ದು."

"ಮತ್ತೆ ಯಾಕೆ..."

"ಬೆರಳು ನಂದು. ನಾನು ಹೇಳ್ದಂಗೆ." ಅವಳ ದನಿ ಇದ್ದಕ್ಕಿದ್ದಂತೆ ಏರಿತು. "ಮೆತ್ತಗಾಗಿದ್ದೀನಿ ಅಂದ್ಕೋಬೇಡ. ಬೆಳಿಗ್ಗೆ ಎದ್ದು ಒಂದು ಗುಂಡಿ ಹಾಕ್ಕೊಳ್ಳೋಕೆ ಆಗ್ದೇ ಇದ್ದಾಗ ನಿನ್ನ ಏಳು ತಲೆಮಾರು ಎತ್ತಿ ಬೈತೀನಿ. ನಿಮ್ಮಮ್ಮನ್ನೂ ಬಿಟ್ಟಿಲ್ಲ, ಪಾಪ ಆಕೆ ಮುಖಾನೂ ನೋಡಿಲ್ಲ ನಾನು. ಫೋನ್ ತೆಗೆದಿದ್ರೆ ನೀನು ಬೇಡ ಅಂದೆ ಅಂತ ಅಳ್ತಿದ್ದೆ, ನಾನು ಹೋಗ್ಲಿ ಬಿಡು ಅಂತಿದ್ದೆ, ಆಮೇಲೆ ಸಾಯೋವರೆಗೂ ನಿಜವೋ ಸುಳ್ಳೋ ಅಂತ ಕೂತ್ಕೊಂಡು ಯೋಚನೆ ಮಾಡ್ತಿದ್ದೆ. ಅದಕ್ಕೆ ತೆಗೀಲಿಲ್ಲ."

"ಈಗ?"

"ಈಗ ಏನು? ಗೊತ್ತಿಲ್ಲ ಅಂದೆ. ಸರಿ, ನನಗೂ ಗೊತ್ತಿಲ್ಲ. ಅಲ್ಲಿ ಒಲೆ ಕೆಳಗೆ ಇನ್ನೂ ಹರಿದಿದೆ, ಅದನ್ನೂ ಒರೆಸು."

ರಾಲಿತ್ಸಾ ಒರೆಸಿದಳು. ಹಗುರಾಗಬೇಕಿತ್ತು. ಹಗುರಾಗಲಿಲ್ಲ, ಭಾರವೂ ಆಗಲಿಲ್ಲ. ಹೊರಡುವಾಗ ಸ್ಮಾರೋಳ ಸ್ವೆಟರಿನ ಗುಂಡಿಗಳನ್ನೆಲ್ಲ ಬಿಚ್ಚಿ ಮೇಲಿನಿಂದ ಸರಿಯಾಗಿ ಹಾಕಿದಳು. ಸ್ಮಾರೋ ಗಲ್ಲ ಎತ್ತಿ, ಗೋಡೆ ನೋಡುತ್ತಾ ಹಾಕಿಸಿಕೊಂಡಳು.

"ಗುರುವಾರ ಸಂಜೆ ಬಾ," ಎಂದಳು. "ತಲೆಗೆ ನೀರು ಹಾಕ್ಬೇಕು. ಸೊಸೆ ಹಾಕ್ತಾಳೆ, ಕಾರು ತೊಳೆದಂಗೆ."

ಸೋಮವಾರ ರಾಲಿತ್ಸಾ ಕರೆಯುವ ಮೊದಲೇ ಲಾಜರೋಸನ ಕೋಣೆಗೆ ಹೋದಳು.

"ಸ್ಮಾರೋ ಹೇಳಿದ್ಲು," ಎಂದ ಅವನು, ಮುಖ ಅರಳಿಸಿ. "ನಿಮ್ಮ ನೇ ಅಂತ. ಮುಗೀತು ಬಿಡು. ಇನ್ಮೇಲೆ ಬಾರ್ಬಾ ನೇ ಅಂದ್ರೆ ಕೇಳಲ್ಲ, 'ಪಾಮೆ' ಅನ್ಬೇಕು, ಹೋಗೋಣ ಅಂತ. ಎಲ್ಲರಿಗೂ ಹೇಳ್ತೀನಿ."

"ನನಗೆ ಗೊತ್ತಿಲ್ಲ," ಎಂದಳು ರಾಲಿತ್ಸಾ. "ಯಾವ ನೇ ಅಂತ. ಅವತ್ತೂ ಹೇಳ್ದೆ, ಇವತ್ತೂ ಅದೇ."

ಲಾಜರೋಸ್ ಎದ್ದು ಬಾಗಿಲು ಹಾಕಿ ಬಂದ. "ನೋಡಮ್ಮಾ. ನೀನು ಈಗ ಹೇಳಿದ್ದು ನನಗೆ ಕೇಳಿಸ್ಲಿಲ್ಲ."

"ಪುನಃ ಹೇಳ್ತೀನಿ."

"ಹೇಳ್ಬೇಡ." ಕೈ ಮುಗಿಯುವವನ ಹಾಗೆ ಮಾಡಿದ. "ಆಕೆಗೇ ಬೇಡವಾದದ್ದನ್ನ ನೀನು ಯಾಕೆ ಕೆದಕ್ತೀಯಾ? ಬಾಗಿಲಿಗೆ ಹೋಗ್ಬೇಡ, ಅಷ್ಟೇ. ಹಣ್ಣು ಆರಿಸೋ ಕಡೆ ನಿಂತ್ಕೋ. ಅಲ್ಲಿ ಯಾರೂ ನಿನ್ನ ಏನೂ ಕೇಳಲ್ಲ."

ಹಾಗೆ ಅವಳು ಹಣ್ಣು ಆರಿಸುವ ಕಡೆಗೆ ಹೋದಳು. ಪಟ್ಟಿಯ ಮೇಲೆ ಕಿವಿ ಹಣ್ಣುಗಳು ಒಂದೇ ಸಮನೆ ಬರುತ್ತಿದ್ದವು. ಮೆತ್ತಗಾದದ್ದನ್ನು ಆಯ್ದು ಪಕ್ಕದ ಬುಟ್ಟಿಗೆ ಹಾಕಬೇಕು. ಮೆತ್ತಗಾಗಿರುವುದು ಅವಳ ಬೆರಳಿಗೆ ಬೇಗ ತಿಳಿಯುತ್ತಿರಲಿಲ್ಲ. ಎರಡೆರಡು ಸಲ ಒತ್ತಿ ನೋಡುತ್ತಿದ್ದಳು. ಬಾಗಿಲ ಕಡೆ ಹೊಸ ಹುಡುಗಿಯೊಬ್ಬಳು "ಪಾಮೆ, ಪಾಮೆ" ಅನ್ನುತ್ತಿದ್ದಳು. ಬಲ್ಗೇರಿಯದವಳೇ. ಪೆನ್ಕಾ ವ್ಯಾನಿನಲ್ಲಿ ಸೂರ್ಯಕಾಂತಿ ಬೀಜ ಕೊಟ್ಟಳು, ಏನೂ ಕೇಳಲಿಲ್ಲ.

ಗುರುವಾರ ಕೆಲಸ ಮುಗಿಸಿ ಸ್ಮಾರೋಳ ಮನೆಗೆ ಹೋದಳು. ವ್ಯಾನು ಮೂಲೆಯ ಅಂಗಡಿಯ ಹತ್ತಿರ ಕಾಯುವುದೆಂದು ಮಾತಾಗಿತ್ತು. ಸ್ಮಾರೋ ಬಚ್ಚಲಿನ ಮಣೆಯ ಮೇಲೆ ಹೆಗಲಿಗೆ ಟವೆಲು ಹೊದ್ದು, ಬ್ಯಾಂಡೇಜಿನ ಕೈಗೆ ರೊಟ್ಟಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಲೆ ಬಗ್ಗಿಸಿ ಕೂತಿದ್ದಳು. ಹಿಂದಿನಿಂದ ನೋಡಿದರೆ ಕತ್ತು ಸಣ್ಣದಾಗಿತ್ತು. ಬಿಳಿ ಕೂದಲು ಇಷ್ಟೊಂದು ಇದೆಯೆಂದು ರಾಲಿತ್ಸಾಳಿಗೆ ಗೊತ್ತಿರಲಿಲ್ಲ. ಗೋದಾಮಿನಲ್ಲಿ ಯಾವಾಗಲೂ ಬಟ್ಟೆ ಕಟ್ಟಿರುತ್ತಿದ್ದಳು.

ಬಕೆಟ್ಟಿನಲ್ಲಿ ನೀರು ಬೆರೆಸಿ, ಕೈಯಾಡಿಸಿ ನೋಡಿ, ಮೊದಲ ಚೊಂಬು ಹೊಯ್ದಳು.

"ಅಯ್ಯಯ್ಯೋ! ಸುಡ್ತಿದೆ ಕಣೇ! ಕೋಳಿ ಪುಕ್ಕ ತರೀತಿದ್ಯಾ ಏನು?"

ರಾಲಿತ್ಸಾ ಚೊಂಬು ಕೆಳಗಿಟ್ಟಳು. ತನ್ನ ಕೈ ನೋಡಿಕೊಂಡಳು. ನೀರಲ್ಲಿ ಅದ್ದಿದ ಜಾಗವೆಲ್ಲ ಕೆಂಪಾಗಿತ್ತು. ಅದು ಅವಳಿಗೆ ತಿಳಿದೇ ಇರಲಿಲ್ಲ.

"ಸುಮ್ನೆ ನಿಂತ್ಯಾ? ತಣ್ಣೀರು ಹಾಕು."

ತಣ್ಣೀರು ಹಾಕಿದಳು. ಕೈಯನ್ನು ನಂಬಲಿಲ್ಲ. ತೋಳು ಮೇಲೆ ಸರಿಸಿ, ಬಿಲ್ಯಾನಾ ಹಸುಗೂಸಾಗಿದ್ದಾಗ ನೋಡುತ್ತಿದ್ದ ಹಾಗೆ ಮೊಣಕೈಯನ್ನು ನೀರಿಗೆ ಇಳಿಸಿ ಕಾದಳು. ಸ್ಮಾರೋ ತಲೆ ಬಗ್ಗಿಸಿಕೊಂಡೇ ನೀರು ಇಳಿಯುವ ಮೂಗಿನಲ್ಲಿ ಏನೋ ಗೊಣಗುತ್ತಿದ್ದಳು, ಸೊಸೆಯ ಬಗ್ಗೆ, ಸೋಪಿನ ಬಗ್ಗೆ. ಹೊರಗೆ ವ್ಯಾನಿನವನು ಒಮ್ಮೆ ಹಾರ್ನು ಹೊಡೆದ. ರಾಲಿತ್ಸಾ ಮೊಣಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬೆಚ್ಚಗಿರುವುದು ತಿಳಿಯಿತು, ಸಣ್ಣಗೆ. ಆಗ ಚೊಂಬು ತುಂಬಿಕೊಂಡು ಒಂದು ಕೈಯನ್ನು ಸ್ಮಾರೋಳ ಹಣೆಗೆ ಅಡ್ಡ ಹಿಡಿದು, ಕಣ್ಣಿಗೆ ಇಳಿಯದ ಹಾಗೆ ನಿಧಾನವಾಗಿ ಹೊಯ್ದಳು.